ಅಡುಗೆಮನೆಯ ಭೂಸ್ವಾಧೀನ

ಸೈಕಲ್ ರಿಪೇರಿಯ ಪಂಕ್ಚರ್ ಮಾವನ ಮನೆಯಲ್ಲಿ ಬೀದಿಗೆ ಅಂಗಡಿ, ಅದರ ಬೆನ್ನಿಗೆ ಅಡುಗೆಮನೆ, ಅದರಾಚೆ ಮಲಗುವ ಕೋಣೆ. ಬೀದಿಯೆಲ್ಲ ಮಾವನದು, ಹೊಗೆಯೆಲ್ಲ ಅವನ ಹೆಂಡತಿಯದು. ಬೀದಿಯವರು ಅವಳನ್ನು ಅತ್ತೆ ಎನ್ನುತ್ತಿದ್ದರು. ಯಾರ ಮಗಳು ಯಾರ ಸೈಕಲ್ಲಿನ ಹಿಂದೆ ಕೂತು ಹೋದಳೆಂಬುದು ಮಾವನಿಗೆ ಮೊದಲು ಗೊತ್ತು. ಅತ್ತೆಗೆ ಆ ಸುದ್ದಿ ಊಟದ ಹೊತ್ತಿಗೆ ತಣ್ಣಗಾಗಿ ಸಿಗುತ್ತಿತ್ತು.

೧೯೯೮ರ ಮಾರ್ಚ್ ೩, ಮಂಗಳವಾರ (ಬುಧವಾರವೆನ್ನುವವರಿದ್ದಾರೆ, ತಪ್ಪು), ರಸ್ತೆ ಅಗಲಿಸಲು ಅಂಗಡಿಯ ಜಾಗ ಬೇಕೆಂದು ನೋಟಿಸು ಬಂತು. ಏಪ್ರಿಲ್ ೧೬ರಂದು ಆಕ್ಷೇಪಣೆ ಹೇಳಲು ಮಾವ ಇಸ್ತ್ರಿಯ ಅಂಗಿ ತೊಟ್ಟು, ಹೆಂಡತಿಯೊಡನೆ ಕಚೇರಿಗೆ ಹೋದ.

“ಸ್ವಾಮಿ, ನಾನು ಕೊಡಲ್ಲ ಅಂದ್ರೆ?”

“ಸಾರ್ವಜನಿಕ ಉದ್ದೇಶಕ್ಕೆ ನಿಮ್ಮ ಒಪ್ಪಿಗೆ ಬೇಕಿಲ್ಲ,” ಎಂದರು ಅಧಿಕಾರಿ. “ಮೊದಲೇ ತಿಳಿಸ್ಬೇಕು, ನಿಮ್ಮ ಮಾತು ಕೇಳ್ಬೇಕು, ಪರಿಹಾರ ಕೊಡ್ಬೇಕು. ಅಷ್ಟೇ.”

“ಅಲ್ಲಿ ಕಣ್ಮುಚ್ಚಿ ಕೈ ಚಾಚಿದ್ರೆ ನಂಗೆ ಸ್ಪ್ಯಾನರ್ ಸಿಗುತ್ತೆ. ಆ ಅಭ್ಯಾಸಕ್ಕೇನು ಪರಿಹಾರ ಕೊಡ್ತೀರಿ?”

ಅಧಿಕಾರಿ ಅದನ್ನೂ ಬರೆದುಕೊಂಡರು. ಆಮೇಲೆ ಅಂಗಡಿಯನ್ನೂ ತೆಗೆದುಕೊಂಡರು.

ನವೆಂಬರ್ ೯ರಂದು ಗೋಡೆ ಬಿತ್ತು; ಅಡುಗೆಮನೆ ಬೀದಿಗೆ ಬಂತು. ಪರಿಹಾರವೇನೋ ಬ್ಯಾಂಕಿಗೆ ಬಂದಿತು, ಕೂತು ದುಡಿಯಲು ಜಾಗ ಬರಲಿಲ್ಲ. ಬೇರೆಲ್ಲೋ ಬಾಡಿಗೆಗೆ ಹಿಡಿಯೋಣವೆಂದರೆ, ಪಂಕ್ಚರಾದ ಸೈಕಲ್ಲನ್ನು ದೂರ ತಳ್ಳುವವರಾರು? ಕೆಲವು ದಿನ ಮಲಗುವ ಕೋಣೆಯಲ್ಲಿ ಟ್ಯೂಬು ಹಿಡಿದು ಪೆಚ್ಚಾಗಿ ಕೂತ ಮಾವ, ಒಂದು ಬೆಳಗ್ಗೆ ಟ್ಯೂಬು ಅದ್ದಿ ನೋಡುವ ತನ್ನ ನೀರಿನ ತೊಟ್ಟಿಯನ್ನು ಸದ್ದಿಲ್ಲದೆ ಒಲೆಯ ಪಕ್ಕಕ್ಕೆ ಜರುಗಿಸಿದ.

“ನೋಟಿಸು ಎಲ್ರೀ?” ಎಂದಳು ಅತ್ತೆ, ಸೌಟು ಆಡಿಸುತ್ತಲೇ.

“ಮನೆಯೊಳಗೆ ಎಂಥ ನೋಟಿಸೇ? ಈ ಮೂಲೆ ಕೊಡು, ಸಾಕು.”

“ಇಲ್ಲಿ ಕಣ್ಮುಚ್ಚಿ ಕೈ ಚಾಚಿದ್ರೆ ನಂಗೆ ಉಪ್ಪಿನ ಡಬ್ಬಿ ಸಿಗುತ್ತೆ. ಆ ಅಭ್ಯಾಸಕ್ಕೇನು ಪರಿಹಾರ ಕೊಡ್ತೀರಿ?”

ಮಾವ ತೊಟ್ಟಿಯ ಮೇಲಿಂದ ಕೈ ತೆಗೆಯಲಿಲ್ಲ. “ಸಾರ್ವಜನಿಕ ಉದ್ದೇಶ ಕಣೇ,” ಎಂದ. “ಬೀದಿಯೋರ ಚಕ್ರದ ಗಾಳಿಯೆಲ್ಲ ಹೋಗಿದೆ.”

“ಬೀದಿಯೋರದ್ದಲ್ಲ, ನಿಮ್ದು ಹೋಗಿದೆ.”

ಆದರೂ ಒಲೆ ಆರಿಸಿ, ಸೆರಗಿಗೆ ಕೈಯೊರೆಸಿಕೊಂಡು ತೀರ್ಪು ಕೊಟ್ಟಳು. “ಒಲೆಯಿಂದಾಚೆ ಮೂಲೆ ತಗೊಳ್ಳಿ. ಗ್ರೀಸಿನ ಕೈ ನನ್ನ ಪಾತ್ರೆಗೆ ತಾಕಬಾರ್ದು. ಬಾಗಿಲ ಹತ್ರದ ಕುರ್ಚಿ ನಂದು. ಇಷ್ಟು ವರ್ಷ ಬೀದಿ ನೀವು ನೋಡಿದ್ದಾಯ್ತು.”

ಮೇಲ್ಮನವಿಗೆ ಅವಕಾಶವಿರಲಿಲ್ಲ.

ಅಂದಿನಿಂದ ಸೈಕಲ್ಲು ತಳ್ಳಿಕೊಂಡು ಬಂದವರು, “ಅತ್ತೇ, ಮಾವ ಇದ್ದಾರಾ?” ಎಂದರೆ, ಅವಳು ಕುರ್ಚಿ ಬಿಟ್ಟೇಳದೆ, “ಒಳಗಿದ್ದಾರೆ. ಅದಿರ್ಲಿ, ನಿನ್ನೆ ನಿನ್ ಹಿಂದೆ ಕೂತಿದ್ದೋಳು ಯಾರೋ?” ಎನ್ನುತ್ತಾಳೆ. ಮಾವನಿಗೆ ಆ ಸುದ್ದಿ ಊಟದ ಹೊತ್ತಿಗೆ ಸಿಗುತ್ತದೆ, ತಣ್ಣಗೆ.