ಮೂವತ್ತು ಪ್ರಶ್ನೆಗಳು ಮತ್ತು ನೀಲಮ್ಮನ ಮಗಳು

ಮನೆಯ ಕೀಲಿಕೈಯನ್ನು ದಿನಕ್ಕೆ ಎರಡು ಸಲವಾದರೂ ಕಳೆದುಕೊಂಡು, ಹುಡುಕಿ ಹುಡುಕಿ ಸುಸ್ತಾಗಿ, ಕೊನೆಗೆ ಅದು ನನ್ನ ಎಡಗೈಯಲ್ಲೇ ಇರುವುದನ್ನು ಕಂಡು ಯಾರಿಗೂ ಹೇಳದೆ ಸುಮ್ಮನಾಗುವವಳು ನಾನು. ಹಾಲು ಉಕ್ಕಿದ ಮೇಲೆ ನನಗೆ ಒಲೆಯ ನೆನಪಾಗುತ್ತದೆ. ಕೊಹೀರಿಗೆಂದು ಬಸ್ಸು ಹತ್ತಿ, ಏನೋ ಯೋಚಿಸುತ್ತ ಕುಳಿತು, ಮುಂದಿನ ಊರಿನಲ್ಲಿ ಇಳಿದು ಪೆಚ್ಚಾದದ್ದೂ ಉಂಟು. ಇಂಥ ನನ್ನನ್ನು ಹಿಡಿದು, ಜಹೀರಾಬಾದಿನ ನಮ್ಮ ಶಾಲೆಯ ಆಡಳಿತದವರು, ಎಂಟನೆಯ ತರಗತಿಯ ಮಕ್ಕಳ ‘ಎಕ್ಸಿಕ್ಯೂಟಿವ್ ಫಂಕ್ಷನ್’ ಅಳೆಯುವ ಕೆಲಸಕ್ಕೆ ಹಚ್ಚಿದರೆಂದರೆ, ಆ ಅಳತೆಯ ಯೋಗ್ಯತೆಯನ್ನು ನೀವೇ ಊಹಿಸಿಕೊಳ್ಳಬಹುದು.

ಹೆಸರು ಕೇಳಿ ಗಾಬರಿಯಾಗಬೇಡಿ. ನಾನು ನಿಮ್ಮ ಪಾಲಿನ ಗಾಬರಿಯನ್ನೂ ಸೇರಿಸಿ ಪಟ್ಟಾಗಿದೆ. ನೆನಪಿಟ್ಟುಕೊಳ್ಳುವುದು, ಮುಂದಿನದನ್ನು ಯೋಚಿಸಿ ಹೊಂದಿಸುವುದು, ಬಾಯಿಗೆ ಬಂದದ್ದನ್ನು ತಡೆದುಕೊಳ್ಳುವುದು, ಅಂದುಕೊಂಡದ್ದು ತಪ್ಪಿದಾಗ ಬೇರೆ ದಾರಿ ಹಿಡಿಯುವುದು, ಇವನ್ನೆಲ್ಲ ನಡೆಸುವ ಒಬ್ಬ ಮೇಸ್ತ್ರಿ ತಲೆಯೊಳಗೆ ಇರುತ್ತಾನಂತೆ. ಹದಿಹರೆಯದಲ್ಲಿ ಈ ಮೇಸ್ತ್ರಿ ಇನ್ನೂ ಕೆಲಸ ಕಲಿಯುತ್ತಿರುತ್ತಾನಂತೆ. ಹೈದರಾಬಾದಿನಿಂದ ಬಂದ ಪರೀಕ್ಷಕಿ ಇದನ್ನು ವಿವರಿಸಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ ನಾನು, ಲೆಕ್ಕ ಗೊತ್ತಿದ್ದೂ ಅದನ್ನು ಕೊನೆ ಮುಟ್ಟಿಸಲಾರದ ಎಷ್ಟೋ ಮಕ್ಕಳನ್ನು ಸೋಮಾರಿಗಳೆಂದು ಬೈದಿದ್ದೆ. ಅವರಿಗೊಂದು ಕಾರಣ ಸಿಕ್ಕಿತಲ್ಲ ಎಂದುಕೊಂಡೆ. ನನ್ನ ಕೀಲಿಕೈಗೂ ಸಿಕ್ಕಿತೆನ್ನಿ.

ಸಂತೋಷ ಅಲ್ಲಿಗೇ ಮುಗಿಯಿತು. ಅಳತೆಯ ಮೂರು ಭಾಗಗಳಲ್ಲಿ ಮೊದಲನೆಯದು ಟ್ಯಾಬಿನ ಮೇಲಿನ ಆಟ: ಹಸಿರು ಚುಕ್ಕೆ ಬಂದರೆ ಒತ್ತಬೇಕು, ಕೆಂಪು ಬಂದರೆ ಕೈ ತಡೆದುಕೊಳ್ಳಬೇಕು. ಎರಡನೆಯದು ಮಗುವಿನ ಬಗ್ಗೆ ತಾಯಿ ಅಥವಾ ತಂದೆ ಉತ್ತರಿಸಬೇಕಾದ ಮೂವತ್ತು ಪ್ರಶ್ನೆ. ಮೂರನೆಯದು ಅದೇ ಮೂವತ್ತಕ್ಕೆ ಟೀಚರ ಉತ್ತರ. ಪ್ರತಿ ಪ್ರಶ್ನೆಗೂ ‘ಎಂದೂ ಇಲ್ಲ’, ‘ಕೆಲವೊಮ್ಮೆ’, ‘ಯಾವಾಗಲೂ’ ಎಂಬ ಮೂರು ಮನೆ. ಇವೆಲ್ಲ ಕೂಡಿ ಬಂದ ಅಂಕದ ಮೇಲೆ ಒಂಬತ್ತನೆಯ ತರಗತಿಯನ್ನು ಎರಡು ಸೆಕ್ಷನ್ ಮಾಡುವುದೆಂದು ಆಡಳಿತದವರು ತೀರ್ಮಾನಿಸಿದ್ದರು. ಅಂಕ ಬಂದವರಿಗೆ ಪಾಲಿಟೆಕ್ನಿಕ್ ಪ್ರವೇಶ ಪರೀಕ್ಷೆಯ ತಯಾರಿ. ಬಾರದವರಿಗೆ ‘ವಿಶೇಷ ಗಮನ’. ಈ ವಿಶೇಷ ಗಮನವೆಂದರೆ ಹತ್ತು ಪ್ರಶ್ನೆಗೆ ಹತ್ತು ಉತ್ತರ ಉರುಹೊಡೆಸಿ ಹತ್ತನೆಯ ತರಗತಿಯನ್ನು ದಾಟಿಸಿ ಕೈತೊಳೆದುಕೊಳ್ಳುವುದು. ಮಕ್ಕಳನ್ನು ಹೀಗೆ ಜರಡಿ ಹಿಡಿಯಲು ಇದನ್ನು ಮಾಡಿಲ್ಲವೆಂದು ಆ ಪರೀಕ್ಷಕಿಯೂ ಹೇಳಿದ್ದಳಂತೆ. ಆಕೆಯ ಮಾತನ್ನು ಕೇಳುವವರು ಯಾರು?

ನಮೂನೆ ತೆಲುಗಿನಲ್ಲಿತ್ತು, ಇಂಗ್ಲಿಷಿನಲ್ಲಿತ್ತು. ಕರ್ನಾಟಕದ ಗಡಿಗೆ ಹತ್ತಿದ ಮೊಗುಡಂಪಲ್ಲಿಯ ಕಡೆಯಿಂದ ಬರುವ ತಾಯಂದಿರಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಲು, ತಾಂಡೂರಿನಲ್ಲಿ ಹುಟ್ಟಿ ನಾರಾಯಣಖೇಡಕ್ಕೆ ಸೊಸೆಯಾಗಿ ಬಂದ, ಮನೆಮಾತು ಕನ್ನಡವಾದ ನಾನೇ ಬೇಕಾಯಿತು. ಒಂದು ಶನಿವಾರ ಬೆಳಗಿನಿಂದ ಕುಳಿತೆ. ನಿಮ್ಮ ಮಗು ಹೇಳಿದ ಕೆಲಸ ಮರೆಯುತ್ತದೆಯೇ ಎಂದು ಕೇಳಿದರೆ, ಯಾವಾಗಲೂ. ಹಿಡಿದ ಕೆಲಸ ಅರ್ಧಕ್ಕೆ ಬಿಡುತ್ತದೆಯೇ? ಯಾವಾಗಲೂ. ಯೋಚಿಸದೆ ಮಾತಾಡುತ್ತದೆಯೇ? ಅದನ್ನೇನು ಕೇಳುತ್ತೀರಿ ಎಂಬ ನಿಟ್ಟುಸಿರಿನೊಡನೆ, ಯಾವಾಗಲೂ. ಪಕ್ಕದ ಕೋಣೆಯಲ್ಲಿ ತೆಲುಗಿನಲ್ಲಿ ಕೇಳಿಸಿಕೊಂಡ ತಾಯಂದಿರೂ ಇದೇ ಹಾಡು ಹಾಡಿದರಂತೆ. ಮಧ್ಯಾಹ್ನದ ಹೊತ್ತಿಗೆ ನನಗೆ ತಲೆನೋವು ಬಂದು, ಪ್ರಶ್ನೆ ಮುಗಿಯುವ ಮೊದಲೇ ನನ್ನ ಪೆನ್ನು ಮೂರನೆಯ ಮನೆಯ ಕಡೆ ಹೊರಳುತ್ತಿತ್ತು.

ಹಾಗೆ ಉತ್ತರಿಸಿದವರಲ್ಲಿ ನೀಲಮ್ಮ ಒಬ್ಬರು. ಅವರ ಗಂಡ ದಿನಾ ಗಡಿ ದಾಟಿ ಬೀದರಿನ ಕೆಲಸಕ್ಕೆ ಹೋಗುತ್ತಾರೆ. ಹೊಲ, ಎಮ್ಮೆ, ಮನೆ ನೀಲಮ್ಮನ ಪಾಲು. ಮಗಳು ಜಗದೇವಿ ನನ್ನ ತರಗತಿಯಲ್ಲಿ ಮೊದಲ ಸಾಲಿನ ಹುಡುಗಿ, ಲೆಕ್ಕದಲ್ಲಿ ಚುರುಕು, ಪಾಲಿಟೆಕ್ನಿಕ್ ಸೇರಬೇಕೆಂದು ಆರನೆಯ ತರಗತಿಯಿಂದ ಹೇಳುತ್ತ ಬಂದವಳು. ನೀಲಮ್ಮ ಮೂವತ್ತಕ್ಕೆ ಮೂವತ್ತೂ ‘ಯಾವಾಗಲೂ’ ಹೇಳಿ, ಸೆರಗು ಸರಿಮಾಡಿಕೊಂಡು, ತೃಪ್ತಿಯಿಂದ ಎದ್ದು ಹೋದರು. ನಾನು ಹಾಗೆಯೇ ಬರೆದುಕೊಂಡೆ. ಮೂರು ವಾರದ ಮೇಲೆ ಪಟ್ಟಿ ಬಂತು. ಟ್ಯಾಬಿನ ಆಟದಲ್ಲಿ ಇಡೀ ತರಗತಿಗೆ ಎರಡನೆಯವಳಾದ ಜಗದೇವಿ ‘ವಿಶೇಷ ಗಮನ’ಕ್ಕೆ ಬಿದ್ದಿದ್ದಳು.

ನನಗೆ ಬಂದ ಸಿಟ್ಟನ್ನು ಯಾರ ಮೇಲೆ ಹಾಕಲಿ? ನಮ್ಮ ಕಡೆ ಹೊರಗಿನವರ ಮುಂದೆ ಹೆತ್ತವರು ಮಕ್ಕಳನ್ನು ಹೊಗಳುವುದಿಲ್ಲ. ಕೂಸು ಗುಂಡಗುಂಡಗೆ ಇದ್ದರೂ ಏನೂ ತಿನ್ನುವುದಿಲ್ಲವೆನ್ನಬೇಕು. ಮಗಳು ಮನೆಯನ್ನೇ ಹೊತ್ತು ನಡೆಸುತ್ತಿದ್ದರೂ ಕಸಬರಿಗೆ ಹಿಡಿಯಲು ಬರುವುದಿಲ್ಲವೆನ್ನಬೇಕು. ಹೊಗಳಿದರೆ ದೃಷ್ಟಿ ತಾಗುತ್ತದೆ, ಮಕ್ಕಳು ಕೊಬ್ಬುತ್ತಾರೆ, ಕೇಳಿದವರು ಹೊಟ್ಟೆ ಉರಿದುಕೊಳ್ಳುತ್ತಾರೆ. ಇದು ಗೊತ್ತಿಲ್ಲದ ಹೈದರಾಬಾದಿನವರನ್ನು ಬೈಯಬಹುದಿತ್ತು. ಆದರೆ ನನಗೆ ಗೊತ್ತಿತ್ತಲ್ಲ? ತಾಂಡೂರಿನಲ್ಲಿ ನಮ್ಮವ್ವ ಮನೆಗೆ ಬಂದವರಿಗೆಲ್ಲ, ಈಕೆಗೆ ಒಲೆ ಹಚ್ಚಲಿಕ್ಕೂ ಬರುವುದಿಲ್ಲ ಎಂದು ನಗುತ್ತ ಹೇಳುತ್ತಿದ್ದಳು, ನಾನು ಹಚ್ಚಿದ ಒಲೆಯ ಮೇಲೆ ಮಾಡಿದ ಚಹಾವನ್ನೇ ಅವರ ಕೈಗೆ ಕೊಡುತ್ತ. ಅದು ಬರಿಯ ಬಾಯಿಮಾತು ಎಂದು ಎಲ್ಲರಿಗೂ ತಿಳಿದಿತ್ತು, ನನ್ನೊಬ್ಬಳನ್ನು ಬಿಟ್ಟು. ನಾನು ನಂಬಿದೆ. ಮದುವೆಯಾಗಿ ಮಕ್ಕಳಾದ ಮೇಲೂ ನಂಬಿದ್ದೆ. ನನ್ನ ಬೆನ್ನ ಹಿಂದೆ ಅವ್ವ ಒಂದಾದರೂ ಒಳ್ಳೆಯ ಮಾತು ಆಡಿದ್ದಳೋ ಏನೋ. ಕೇಳಿಸಿಕೊಂಡವರಿದ್ದರೂ ಅವರು ಅದನ್ನು ನನಗೆ ಮುಟ್ಟಿಸಲಿಲ್ಲ.

ಪರೀಕ್ಷಕಿಗೆ ಫೋನ್ ಮಾಡಿ ಜಗಳಕ್ಕೆ ನಿಂತೆ. ಆಕೆ ಒಳ್ಳೆಯ ಹುಡುಗಿ, ಪೂರ್ತಿ ಕೇಳಿಸಿಕೊಂಡಳು. ಉತ್ತರ ಕೊಟ್ಟ ಇಬ್ಬರೂ ಕಾರಣ ಬರೆದು ಸಹಿ ಮಾಡಿದರೆ ನಮೂನೆಯನ್ನು ಒಮ್ಮೆ ಹೊಸದಾಗಿ ತುಂಬಬಹುದು, ಹಾಗೆಂದು ಆಡಳಿತದವರಿಗೆ ತಾನೇ ಹೇಳುತ್ತೇನೆ ಎಂದಳು. ಇಬ್ಬರೂ ಎಂದರೆ ಯಾರು ಎಂದು ಕೇಳಿದೆ. ತಾಯಿ ಮತ್ತು ನೀವು ಎಂದಳು. ನಿಮ್ಮ ಉತ್ತರಗಳೂ ಅಷ್ಟೇನೂ ಚೆನ್ನಾಗಿಲ್ಲವಲ್ಲ ಮೇಡಂ ಎಂದು ಮೆಲ್ಲಗೆ ಸೇರಿಸಿದಳು.

ನಾನು ತುಂಬಿದ ನಮೂನೆ ತೆಗೆದು ನೋಡಿದೆ. ಮೂವತ್ತರಲ್ಲಿ ಇಪ್ಪತ್ತಾರು ‘ಕೆಲವೊಮ್ಮೆ’, ಎಲ್ಲ ನನ್ನದೇ ಅಕ್ಷರ. ಜಗದೇವಿ ಪುಸ್ತಕ ಮರೆತು ಬಂದದ್ದನ್ನು ನಾನು ಎಂದಾದರೂ ಕಂಡಿದ್ದೆನೇ? ಇಲ್ಲ. ಆದರೂ ‘ಎಂದೂ ಇಲ್ಲ’ ಎಂದು ಬರೆಯಲು ಕೈ ಏಳಲಿಲ್ಲ. ಇಪ್ಪತ್ತಕ್ಕೆ ಇಪ್ಪತ್ತು ಬರುವ ಉತ್ತರಪತ್ರಿಕೆಯಲ್ಲೂ ಅಂದವಾದ ಬರವಣಿಗೆ ಇಲ್ಲವೆಂದು ಅರ್ಧ ಅಂಕ ಕಳೆದು ಅಭ್ಯಾಸವಾದ ಕೈ ಇದು. ತಾಯಂದಿರ ಮೇಲೆ ಮೂರು ದಿನದಿಂದ ಕಾರುತ್ತಿದ್ದ ಸಿಟ್ಟು ತಿರುಗಿ ನನ್ನ ಮೇಲೇ ಬಿತ್ತು. ಹುಡುಗಿಯನ್ನು ಚೆನ್ನಾಗಿ ಬಲ್ಲ ಇಬ್ಬರು ಹೆಂಗಸರು ಸೇರಿ, ಪ್ರೀತಿಯಿಂದಲೇ, ಅವಳನ್ನು ಕೆಳಗೆ ತಳ್ಳಿದ್ದೆವು.

ನೀಲಮ್ಮನನ್ನು ಕರೆಸಿದೆ. ಬರುವಾಗ ಮಗಳನ್ನೂ ಕರೆತಂದಿದ್ದರು. ಸಂಗತಿ ತಿಳಿಸಿ, ಈ ಸಲ ಇದ್ದದ್ದು ಇದ್ದಹಾಗೆ ಹೇಳಿ ಎಂದೆ. ಅವರು ನನ್ನನ್ನು ನೋಡಿದರು, ಮಗಳನ್ನು ನೋಡಿದರು, ಗೋಡೆಯ ಮೇಲಿನ ಭೂಪಟವನ್ನು ನೋಡಿದರು.

“ಹಡೆದಾಕಿ ತಾನ ಮಗಳನ್ನ ಹೊಗಳ್ತಾಳೇನ್ರಿ ಟೀಚರ್?” ಎಂದರು. “ಹೊಗಳ್ಸಿ ಏನ್ ಮಾಡ್ತೀರಿ?”

ಹೊಗಳದಿದ್ದರೆ ಪಾಲಿಟೆಕ್ನಿಕ್ ಇಲ್ಲ ಎಂದೆ, ಸ್ವಲ್ಪ ಜೋರಾಗಿಯೇ. ನೀಲಮ್ಮ ಮಗಳಿಗೆ ಹೊರಗೆ ಹೋಗಿ ನಿಲ್ಲಲು ಹೇಳಿ, ತಾವೇ ಎದ್ದು ಬಾಗಿಲು ಹಾಕಿ, ಅಗುಳಿ ಎಳೆದು ಬಂದು ಕುಳಿತರು. ಮತ್ತೆ ನನ್ನ ಪ್ರಶ್ನೆಗಳಿಗೆ ಕಾಯಲಿಲ್ಲ. ಹೋದ ವರ್ಷ ಕಾಲು ಮುರಿದು ತಾವು ಮಂಚ ಹಿಡಿದಾಗ ಏಳನೆಯ ಇಯತ್ತೆಗೆ ಆಗಷ್ಟೇ ಕಾಲಿಟ್ಟಿದ್ದ ಮಗಳು ಕ್ಯಾಲೆಂಡರಿನ ಬೆನ್ನಿಗೆ ಇಡೀ ತಿಂಗಳ ಕೆಲಸ ಬರೆದಿಟ್ಟುಕೊಂಡದ್ದು. ಮೋಟರಿಗೆ ಕರೆಂಟು ಬರುವ ಹೊತ್ತು ದಿನಕ್ಕೊಂದು ತರ ಬದಲಾದಂತೆ ಎಮ್ಮೆ ಹಿಂಡುವ ಹೊತ್ತನ್ನೂ ಓದುವ ಹೊತ್ತನ್ನೂ ಅದಲುಬದಲು ಮಾಡಿಕೊಂಡದ್ದು. ಬಸ್ಸು ತಪ್ಪಿದ ದಿನ ಅಳದೆ, ಬೇರೆ ಊರಿನ ಮೇಲಿಂದ ಸುತ್ತಿ ಬಂದು ಪರೀಕ್ಷೆ ಬರೆದದ್ದು. ತಂದೆಗೂ ಚಿಕ್ಕಪ್ಪನಿಗೂ ಬದುವಿನ ವಿಷಯಕ್ಕೆ ಮಾತು ಬೆಳೆದಾಗ, ಚಿಕ್ಕಪ್ಪ ಆಡಿದ ಒಂದು ಕೆಟ್ಟ ಮಾತು ಇವಳ ಕಿವಿಗೆ ಬಿದ್ದಿತ್ತಂತೆ. ಅದನ್ನು ಇವತ್ತಿನವರೆಗೂ ತಂದೆಗೆ ಹೇಳಿಲ್ಲವಂತೆ, ತಾಯಿಗೂ ಬಹಳ ದಿನದ ಮೇಲೆ ಹೇಳಿದಳಂತೆ. ಟ್ಯಾಬಿನ ಕೆಂಪು ಚುಕ್ಕೆ ಇದನ್ನು ಅಳೆಯುತ್ತದೆಯೇ? ಬರೆಯುತ್ತ ಬರೆಯುತ್ತ ನನ್ನ ಹಾಳೆ ತುಂಬಿತು, ಅದನ್ನು ತಿರುವಿ ಬೆನ್ನಿಗೂ ಬರೆದೆ.

“ಆಕಿ ಇದ್ದಿದ್ದಿಲ್ಲಂದ್ರ ನಾ ಆ ತಿಂಗಳ ದಾಟ್ತಿದ್ದಿಲ್ರಿ,” ಎಂದು ಹೇಳಿ ನೀಲಮ್ಮ ಕಣ್ಣು ಒರೆಸಿಕೊಂಡರು. ಒರೆಸಿಕೊಂಡದ್ದೇ ತಡ, ಇದನ್ನೆಲ್ಲ ಮಗಳಿಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡರು.

ಕಾರಣ ಬರೆಯುವ ಜಾಗದಲ್ಲಿ, ತಾಯಿಯೂ ಟೀಚರೂ ಮೊದಲ ಸಲ ತುಂಬುವಾಗ ಸುಳ್ಳು ಹೇಳಿದ್ದರು ಎಂದು ಬರೆದು, ಇಬ್ಬರೂ ಸಹಿ ಹಾಕಿದೆವು. ಆಡಳಿತದವರು ಒಂದು ವಾರ ಗೊಣಗಿ, ಜಗದೇವಿಯ ಹೆಸರನ್ನು ಆ ಪಟ್ಟಿಯಿಂದ ಈ ಪಟ್ಟಿಗೆ ತಂದರು. ಉಳಿದ ತಾಯಂದಿರನ್ನೂ ಒಬ್ಬೊಬ್ಬರನ್ನಾಗಿ ಕರೆಸಿ ಬಾಗಿಲು ಹಾಕಿಕೊಂಡು ಕೂರಬೇಕೆಂದು ನಾನು ಹಟ ಹಿಡಿದಿದ್ದೇನೆ. ಅದು ಇನ್ನೂ ನಡೆದಿದೆ. ಎಲ್ಲ ಸರಿಹೋಯಿತೆಂದು ಉಸಿರು ಬಿಡುವಷ್ಟರಲ್ಲಿ ಜಗದೇವಿಗೆ ಜ್ವರ ಬಂತು.

ಅರ್ಧ ಶಾಲೆಗೇ ಆ ವಾರ ಜ್ವರವಿತ್ತು; ನನಗೂ ಮೂಗು ಸೋರುತ್ತಿತ್ತು. ಅದನ್ನು ನೀಲಮ್ಮನಿಗೆ ಫೋನಿನಲ್ಲಿ ಎಷ್ಟು ಹೇಳಿದರೂ ನಾಟಲಿಲ್ಲ. ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ, ಸರಿ; ಆದರೆ ದೃಷ್ಟಿಗೆ ಗುಳಿಗೆ ಇಲ್ಲವಲ್ಲ ಎಂಬುದು ಅವರ ವಾದ.

“ನೀವ ಹೇಳ್ಸಿದ್ರಿ. ನೀವ ಬಂದು ಇಳಿಸಿ ಹೋಗ್ರಿ,” ಎಂದರು.

ಗಣಿತದ ಟೀಚರು ಉಪ್ಪು, ಒಣಮೆಣಸಿನಕಾಯಿ ಇಳಿತೆಗೆಯುವುದೆಂದರೇನು ಎಂದು ದಾರಿಯುದ್ದಕ್ಕೂ ಗೊಣಗುತ್ತ ಮೊಗುಡಂಪಲ್ಲಿಯ ಕಡೆಯ ಆಟೋ ಹತ್ತಿದೆ. ಜಗದೇವಿ ಕೌದಿ ಹೊದ್ದು ಮಲಗಿದ್ದಳು, ಮುಖ ಬಾಡಿತ್ತು. ನಾನು ಮುಷ್ಟಿ ಕಟ್ಟಿ ಮೂರು ಸಲ ಇಳಿತೆಗೆದೆ. ಎಡದಿಂದಲೋ ಬಲದಿಂದಲೋ ಎಂದು ಗೊಂದಲವಾದಾಗ ನೀಲಮ್ಮನೇ ನನ್ನ ಮೊಣಕೈ ಹಿಡಿದು ತಿರುಗಿಸಿದರು. ಆಮೇಲೆ ಉಪ್ಪುಮೆಣಸಿನಕಾಯಿಗಳನ್ನು ನನ್ನ ಕೈಯಿಂದ ಇಸಿದುಕೊಂಡು, ಹಿತ್ತಲಿನ ಒಲೆಗೆ ಹಾಕಿ ಬರುತ್ತೇನೆ, ಘಾಟು ಬರದಿದ್ದರೆ ದೃಷ್ಟಿಯೇ ಸೈ ಎನ್ನುತ್ತ ಹೊರಗೆ ಹೋದರು.

ಜಗದೇವಿ ಕೌದಿ ಸರಿಸಿ ಎದ್ದು ಕುಳಿತಳು. ಬಾಗಿಲಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

“ಟೀಚರ್, ಅವತ್ತು ನಾ ಹೊರಗ ಕಿಡಕಿ ಬಲ್ಲಿ ನಿಂತಿದ್ನಿರಿ. ಕ್ಯಾಲೆಂಡರಿನ ಮಾತಿನ ತನಕ ಕೇಳ್ದೆ. ಆಮ್ಯಾಲ ಪಿವನ್ ಬಂದು ಓಡ್ಸಿದ.” ಹತ್ತಿರ ಸರಿದು ಕೇಳಿದಳು: “ಅವ್ವ ಮುಂದ ಮತ್ತೇನಂದಳ್ರಿ?”

ನಾನು ಮಾತು ಕೊಟ್ಟಿದ್ದೆ. ಹಿತ್ತಲಿನಿಂದ ಮೆಣಸಿನಕಾಯಿಯ ಘಾಟು ಒಳಗೆ ನುಗ್ಗಿತು. ನೀಲಮ್ಮ ಒಂದೇ ಸಮನೆ ಕೆಮ್ಮುತ್ತಿದ್ದರು. ಅವರ ಕೆಮ್ಮು ನಿಲ್ಲುವುದರೊಳಗೆ ಮುಗಿಯಬೇಕೆಂದು, ಮೂಗು ಒರೆಸಿಕೊಳ್ಳುತ್ತ, ಅವಸರ ಅವಸರವಾಗಿ, ಆದರೆ ಒಂದನ್ನೂ ಬಿಡದೆ, ನಾನು ಹೇಳತೊಡಗಿದೆ.