ಮುರಿದು ಮೂಸುವ ಗತ್ತು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದೊಡ್ಡ ಖರೀದಿದಾರ ಮಾತಾಡುವುದಿಲ್ಲ. ರಾಶಿಯಿಂದ ಒಂದು ಕಾಯಿ ಎತ್ತುತ್ತಾನೆ, ಕಿವಿಯ ಹತ್ತಿರ ಅಲುಗಿಸುತ್ತಾನೆ, ಮುರಿದು ಮೂಸುತ್ತಾನೆ, ಕೆಳಗೆ ಬಿಟ್ಟು ಕೈ ಝಾಡಿಸುತ್ತಾನೆ. ಅಷ್ಟಕ್ಕೇ ಮಾಲು ತಂದ ರೈತ, "ಸ್ವಲ್ಪ ಹಸಿ ಐತ್ರಿ, ಆದ್ರ ಬಣ್ಣ ನೋಡ್ರಿ" ಎಂದು ತನ್ನ ದೋಷವನ್ನು ತಾನೇ ಒಪ್ಪಿಸಿಬಿಡುತ್ತಾನೆ.

ದಲಾಲಿ ಅಂಗಡಿಯ ಗುಮಾಸ್ತನಾದ ನಾನು ಈ ಗತ್ತನ್ನು ಊರಿಗೆಲ್ಲ ಮಾಡಿ ತೋರಿಸಿದ್ದೆ. ಒಮ್ಮೆ ಹಾವೇರಿ ಬಸ್ಸಿನಲ್ಲೂ ಪ್ರಯೋಗಿಸಿದೆ. ಕಂಡಕ್ಟರ್ ಎಲ್ಲಿಗೆ ಎಂದಾಗ ಬರೀ ಹುಬ್ಬೇರಿಸಿದೆ. "ಬಾಯಾಗ ಕಡುಬು ಇಟಗೊಂಡೀಯೇನ್ಲೇ? ಲಗೂ ಹೇಳು!" ಎಂದ. ಮೌನ ನಡೆಯಬೇಕಾದರೆ ಹಿಂದೆ ಒಂದು ಗೋದಾಮಾದರೂ ಇರಬೇಕು ಎಂದು ಅವತ್ತು ತಿಳಿಯಿತು.

ಅಕ್ಕನನ್ನು ನೋಡಲು ರಾಣೆಬೆನ್ನೂರಿನವರು ಬಂದಿದ್ದರು. ಹುಡುಗನ ಅಪ್ಪ ನಮ್ಮ ಪೇಟೆಯ ಹಳೆಯ ಖರೀದಿದಾರರು. ಹುಡುಗ ಹುಡುಗಿ ಫೋನಿನಲ್ಲೇ ಮಾತಾಡಿ ಒಪ್ಪಿಕೊಂಡಿದ್ದರು. ಉಳಿದದ್ದು ಅಕ್ಕನ ಹೊಲಿಗೆ ಅಂಗಡಿಯ ಮಾತು. ಅದನ್ನು ರಾಣೆಬೆನ್ನೂರಿನಲ್ಲಿ ತೆರೆಯಲು ಬಿಡದಿದ್ದರೆ ಮದುವೆಯೇ ಬೇಡ ಎಂದು ಅಕ್ಕ ಪಟ್ಟು ಹಿಡಿದಿದ್ದಳು.

ಅವ್ವ ಚಕ್ಕಲಿ ತಂದಿಟ್ಟಳು. ಬೀಗರಾಗಬೇಕಾದವರು ಒಂದನ್ನು ಎತ್ತಿ, ಮುರಿದು, ಮೂಸಿ, ತಾಟಿಗೆ ಬಿಟ್ಟು ಕೈ ಝಾಡಿಸಿದರು. ನಗು ತಡೆಯಲು ನಾನು ಗಟಗಟ ನೀರು ಕುಡಿದೆ. ಅವ್ವ ಥೇಟ್ ರೈತನಾದಳು: "ಸ್ವಲ್ಪ ಕೆಂಪಾಗ್ಯಾವ್ರಿ, ಎಣ್ಣಿ ಜಾಸ್ತಿ ಕಾದಿತ್ತು."

ಅಪ್ಪ ಅಂಗಡಿಯ ವಿಷಯ ತೆಗೆದ. ಅವರು ಸೂರು ನೋಡಿದರು. ಅಪ್ಪನ ದನಿ ಇಳಿಯಿತು. "ದಿನಾ ಅಂತಲ್ಲರಿ... ವಾರದಾಗ ಎರಡ ದಿನ ಆದ್ರೂ ನಡೀತೈತಿ..."

ಒಂದೂ ಮಾತಾಡದೆ ಅವರು ಅಕ್ಕನ ವಾರವನ್ನೇ ಕತ್ತರಿಸಿದ್ದರು.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಕಣ್ಣು ಕೆಂಪು ಮಾಡಿಕೊಂಡು ನಿಂತಿದ್ದಳು. ನಾನು ಅವಳಿಗೆ ಕಾಣುವಂತೆ ಗಾಳಿಯಲ್ಲೇ ಒಂದು ಕಾಯಿ ಮುರಿದು ಮೂಸಿದೆ. ನನ್ನ ಈ ಆಟವನ್ನು ನೂರು ಸಲ ನೋಡಿದವಳು. ಮುಖ ಒರೆಸಿಕೊಂಡು ಚಹಾ ತಂದಳು.

ಬೀಗರಿಗೆ ಕಪ್ಪು ಕೊಟ್ಟವಳು ಅಲ್ಲೇ ನಿಂತು ಅವರ ಅಂಗಿಯ ಭುಜವನ್ನು ದಿಟ್ಟಿಸಿದಳು. ತಲೆ ಓರೆ ಮಾಡಿ ತೋಳಿನ ಹೊಲಿಗೆ ನೋಡಿದಳು. ಲೊಚಗುಟ್ಟಿ ಒಂದು ಹೆಜ್ಜೆ ಹಿಂದೆ ಸರಿದಳು.

ಅವರು ಭುಜ ಮುಟ್ಟಿಕೊಂಡರು. "ಯಾಕವಾ, ಏನಾತು?"

ಅಕ್ಕ ಸೂರು ನೋಡಿದಳು.

"ಹೊಸಾ ಅಂಗಿ ಐತಿ... ಖರೇ ಅಂದ್ರ, ಕೈ ಎತ್ತಿದ್ರ ಜಗ್ಗತೈತಿ," ಎಂದು ಬೀಗರೇ ಒಪ್ಪಿಸಿಬಿಟ್ಟರು.

ಅವರ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ನಕ್ಕರು. "ಮೂವತ್ತು ವರ್ಷಾತು, ಇವ್ರು ಮೊದ್ಲ ಬಾಯಿ ಬಿಟ್ಟಿದ್ದು ಇವತ್ತ ನೋಡ್ರಿ!"

"ತೋಳು ಬಿಚ್ಚಿ ಕೂಡಿಸಬೇಕ್ರಿ ಮಾವಾರ," ಎಂದಳು ಅಕ್ಕ. "ರಾಣೆಬೆನ್ನೂರಾಗ ಅಂಗಡಿ ತೆಗದ ಮ್ಯಾಲೆ ತಗೊಂಡು ಬರ್ರಿ."

"ಯಾವ ಎರಡ ದಿನ ತೆಗೀತಿ?" ಎಂದರು ಬೀಗರು.

ಅಕ್ಕ ಮೆಲ್ಲಗೆ ಕೈ ಝಾಡಿಸಿದಳು. ಅವರು ಸೂರು ನೋಡಿದರು. ಅಕ್ಕನೂ ಸೂರು ನೋಡಿದಳು.

"ಆತು ಬಿಡವಾ, ದಿನಾ ತೆಗಿ," ಎಂದು ಅವರು ಮುರಿದಿಟ್ಟ ಚಕ್ಕಲಿಯನ್ನು ಬಾಯಿಗೆ ಹಾಕಿಕೊಂಡರು.

ಹೊರಡುವಾಗ ನನ್ನ ಮುಂದೆ ನಿಂತರು. "ಪ್ಯಾಟ್ಯಾಗ ನನ್ನ ಹಂಗ ಮಾಡಿ ತೋರಸ್ತೀ ಅಂತ? ಎಲ್ಲಿ, ಒಮ್ಮಿ ಮಾಡು."

ನಾನು ಬಾಯಿ ತೆರೆದೆ. ಒಂದು ಮಾತೂ ಹೊರಡಲಿಲ್ಲ. ಅದನ್ನು ಯಾರೂ ಗತ್ತು ಎಂದುಕೊಳ್ಳಲಿಲ್ಲ.