ತೆಗೆಯದೆ ಉಳಿದ ಶಾಟ್

ಕಿರ್ರ್, ಕಿರ್ರ್ ಎಂದು ಕ್ಯಾಮೆರಾಗೆ ಕೀ ಕೊಡುವ ಸದ್ದು. ಕೀ ತಿರುಗಿಸಿ ತಿರುಗಿಸಿ ದಡ್ಡುಗಟ್ಟಿದ್ದ ಅವರ ಹೆಬ್ಬೆರಳು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ, ಸ್ವಾತಂತ್ರ್ಯ ಹೋರಾಟದ ದೊಡ್ಡ ನಾಯಕರೊಬ್ಬರ ಜೀವನದ ಬಗ್ಗೆ ಡಾಕ್ಯುಮೆಂಟರಿ ತೆಗೆಯಲು ಅವರು ಚೆಟ್ಟಳ್ಳಿಗೆ ಬಂದು ನಮ್ಮ ಎಸ್ಟೇಟಿನ ಔಟ್‌ಹೌಸಿನಲ್ಲಿ ಹತ್ತು ದಿನ ಇದ್ದರು. ನಮಗೆಲ್ಲ ಅವರು ‘ಡೈರೆಕ್ಟರು’. ಫಿಲ್ಮ್ ಯೂನಿಟ್ ಎಂದರೆ ಅವರೊಬ್ಬರೇ. ಶಾಟ್‌ಗಳ ಪಟ್ಟಿ ಬರೆಯಲು ಪಪ್ಪ ಕಾನ್ವೆಂಟಿನಲ್ಲಿ ಓದಿದ್ದ ನನ್ನನ್ನು ಜೊತೆಗೆ ಕಳಿಸಿದರು.

“ಏನ್ರೀ ಕಾನ್ವೆಂಟ್, ಇದು ಶಾಟ್ ಲಿಸ್ಟೋ, ಮದುವೆ ಇನ್ವಿಟೇಷನ್ನೋ?” ಎಂದು ನನ್ನ ಅಕ್ಷರವನ್ನು ಹಾಸ್ಯ ಮಾಡುತ್ತಿದ್ದರು. ಕಾಫಿ ಆರಿ ಹೋಗುತ್ತಿತ್ತು. “ಬೆಳಕು ನಿಲ್ಲಲ್ಲ, ಕಾಫಿ ನಿಲ್ಲುತ್ತೆ,” ಎನ್ನುತ್ತಿದ್ದರು.

ಆ ನಾಯಕರು ಹಿಂದೆ ಕೊಡಗಿಗೆ ಬಂದಾಗ ನಮ್ಮ ಪಕ್ಕದ ತೋಟದ ದೊಡ್ಡಮ್ಮ, ಆಗಿನ್ನೂ ಹೊಸ ಮದುಮಗಳು, ಹೋರಾಟದ ನಿಧಿಗೆಂದು ಚಿನ್ನದ ಬಳೆ ಬಿಚ್ಚಿ ಅವರ ಕೈಗೆ ಕೊಟ್ಟಿದ್ದರು. ಆ ದೃಶ್ಯವನ್ನು ದೊಡ್ಡಮ್ಮನಿಂದ ಮತ್ತೆ ಮಾಡಿಸಿ ತೆಗೆದರೆ ಮಾತ್ರ ಫಿಲ್ಮಿನಲ್ಲಿ ಕೊಡಗಿನ ಭಾಗ ಉಳಿಯುತ್ತದೆ ಎಂದು ಡೈರೆಕ್ಟರ ಆಫೀಸಿನಿಂದ ಕಾಗದ ಬಂತು. ಉಳಿದರೆ ಮಿಕ್ಕ ಶಾಟ್‌ಗಳಿಗೆಂದು ಮಳೆ ಮುಗಿದ ಮೇಲೆ ಡೈರೆಕ್ಟರು ಮತ್ತೆ ಬರುತ್ತಾರೆ. ನನಗೆ ಬೇಕಿದ್ದುದು ಅಷ್ಟೇ.

ನಾವು ಕೇಳಲು ಹೋದಾಗ ದೊಡ್ಡಮ್ಮ ಅಂಗಳದಲ್ಲಿ ಕರಿಮೆಣಸು ಒಣಹಾಕುತ್ತಿದ್ದರು. “ಒಮ್ಮೆ ಕೊಟ್ಟಾಯ್ತಲ್ಲ ಮಗ, ಮತ್ತೆ ಕೊಡುವ ಆಟ ಎಂತಕ್ಕೆ? ಅಂದು ಬರಿಗೈ ನೋಡಿ ನಮ್ಮತ್ತೆ ಮೂರು ತಿಂಗಳು ಮಾತು ಬಿಟ್ಟಿದ್ರು. ಅದನ್ನೂ ಆಡಿ ತೋರಿಸ್ಬೇಕಾ?”

ನಾನು ಬಿಡಲಿಲ್ಲ. “ನನ್ನ ಕೈಯ ಶಾಟ್ ತೆಗೀರಿ. ಮುಖ ಕಾಣದಿದ್ರೆ ಯಾರಿಗೆ ಗೊತ್ತಾಗುತ್ತೆ?” ಎಂದು ಬಳೆಗಳನ್ನು ಅರ್ಧ ಜಾರಿಸಿ ಬಿಸಿಲಿಗೆ ಕೈ ಚಾಚಿದೆ. ಅವರು ಮಂಡಿಯೂರಿ ಕ್ಯಾಮೆರಾಗೆ ಕಣ್ಣಿಟ್ಟರು. ಅಷ್ಟು ಹೊತ್ತು ಯಾರೂ ಎಂದೂ ನನ್ನನ್ನು ನೋಡಿರಲಿಲ್ಲ. ಆಮೇಲೆ ಕ್ಯಾಮೆರಾ ಇಳಿಸಿದರು.

“ಚೆನ್ನಾಗಿದೆ ರೀ. ಆದ್ರೆ ಬೇಡ. ದೊಡ್ಡಮ್ಮ ನೋಡ್ತಿದ್ದಾರೆ.”

ಮೆಣಸಿನಲ್ಲಿ ಕೈಯಾಡಿಸುತ್ತಿದ್ದ ದೊಡ್ಡಮ್ಮನನ್ನೇ ತೆಗೆದರು. ಅವತ್ತು ಡೈರೆಕ್ಟರ ಮೇಲೆ ಕೋಪವೂ ಬಂತು, ಮನಸ್ಸೂ ಪೂರ್ತಿ ಅವರ ಕಡೆಗೇ ಹೋಯಿತು.

ಮರುವರ್ಷ ಮಡಿಕೇರಿಯ ಟಾಕೀಸಿಗೆ ಬಂದ ಫಿಲ್ಮಿನಲ್ಲಿ ಕೊಡಗು ಇರಲಿಲ್ಲ. ಅವರೂ ಮತ್ತೆ ಬರಲಿಲ್ಲ.

ಕೊನೆಯ ಸಲ ಅವರನ್ನು ಕಂಡದ್ದು ಮಡಿಕೇರಿಯ ಬಸ್ ಸ್ಟ್ಯಾಂಡಿನಲ್ಲಿ, ಅವರು ಮೈಸೂರಿಗೆ ಹೊರಟ ದಿನ. ಫಿಲ್ಮ್ ಡಬ್ಬಗಳನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕುಳಿತಿದ್ದರು.

“ನಮ್ಮ ಭಾಗ ಕಟ್ ಆಗುತ್ತೆ ಕಾನ್ವೆಂಟ್, ನಂಗೆ ಗೊತ್ತು. ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳ್ಬಿಡಿ.”

ಹೇಳುವುದು ಎಷ್ಟಿತ್ತು! ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದಷ್ಟೇ ಬಾಯಿಗೆ ಬಂತು.

“ಹ್ಯಾಪಿ ಜರ್ನಿ, ಸರ್.”

ಅವರು ಇನ್ನೂ ಒಂದು ಗಳಿಗೆ ಕಾದರು. ಕಂಡಕ್ಟರ್ “ರೈಟ್, ರೈಟ್” ಎಂದ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವರು ಕಿಟಕಿಯಿಂದ ತಲೆ ಹೊರಹಾಕಿ ನೋಡುತ್ತಲೇ ಇದ್ದರು.